ಮಲ್ಲಿಗೆಗೆ ಕಾವಾರಿದ ಗೊಬ್ಬರ

“ಕೊಳೆತ ತರಕಾರಿ, ಹಳಸಿದ ಅನ್ನ ಇವನ್ನೆಲ್ಲ ಗೊಬ್ಬರ ಮಾಡಿ ಮಲ್ಲಿಗೆ ಗಿಡಕ್ಕೆ ಹಾಕಿದರೆ ಹೂವಿಗೂ ಅದೇ ವಾಸನೆ ಬರುವುದಿಲ್ಲವೇ?” ಹಸಿಕಸದ ಬಗ್ಗೆ ಎಲ್ಲಿ ಮಾತನಾಡಲು ಹೋದರೂ ಯಾರಾದರೂ ಒಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಉಳಿದವರು ನಗುವುದೂ ಉಂಟು. ಆದರೆ ಇದು ನಕ್ಕು ಬಿಡುವ ಪ್ರಶ್ನೆಯಲ್ಲ. ಏಕೆಂದರೆ ಮಲ್ಲಿಗೆಯ ಪರಿಮಳಕ್ಕೂ ತಿಪ್ಪೆಯ ದುರ್ನಾತಕ್ಕೂ ನಿಜವಾಗಿಯೂ ಒಂದು ನಂಟಿದೆ.

ನಾವು ‘ಮಲ್ಲಿಗೆಯ ಕಂಪು’ ಎಂದು ಕರೆಯುವುದು ಒಂದು ವಸ್ತುವಿನ ವಾಸನೆಯಲ್ಲ. ಲಿನಲೂಲ್, ಬೆಂಜೈಲ್ ಅಸಿಟೇಟ್, ಫಾರ್ನೆಸೀನ್, ಮೀಥೈಲ್ ಆಂತ್ರನಿಲೇಟ್ ಮೊದಲಾದ ಹಲವು ಆವಿಶೀಲ ಸಂಯುಕ್ತಗಳು ಅದರಲ್ಲಿ ಬೆರೆತಿರುತ್ತವೆ. ಇವುಗಳ ಜೊತೆಗೆ ಇಂಡೋಲ್ ಎಂಬ ಇನ್ನೊಂದು ಸಂಯುಕ್ತವೂ ಇದೆ. ಪ್ರಾಣಿಗಳ ಮಲದಲ್ಲಿ, ಪ್ರೋಟೀನು ಕೊಳೆಯುವ ಕಡೆಗಳಲ್ಲಿ ಮೂಗು ಮುಚ್ಚಿಕೊಳ್ಳುವಂತೆ ಮಾಡುವ ವಸ್ತುಗಳಲ್ಲಿ ಇದೇ ಇಂಡೋಲ್ ಒಂದು. ಹೆಚ್ಚಿದ್ದರೆ ನಾತ, ಅತ್ಯಲ್ಪ ಪ್ರಮಾಣದಲ್ಲಿದ್ದರೆ ಹೂವಿನ ಘಮ. ಹಾಗಾದರೆ ಗೊಬ್ಬರದ ಇಂಡೋಲೇ ಬೇರಿನಿಂದ ಏರಿ ಹೂವಿಗೆ ಬಂತೇ? ಇಲ್ಲ. ತಿಪ್ಪೆಯಲ್ಲಿ ಬ್ಯಾಕ್ಟೀರಿಯಗಳು ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲವನ್ನು ಒಡೆದು ಇಂಡೋಲನ್ನು ಹೊರಹಾಕುತ್ತವೆ. ಮಲ್ಲಿಗೆಯಾದರೋ ತನಗೆ ಬೇಕಾದ ಇಂಡೋಲನ್ನು ತಾನೇ ಕಟ್ಟಿಕೊಳ್ಳುತ್ತದೆ. ಬೇರು ಮಣ್ಣಿನಿಂದ ಹೀರುವುದು ಬಹುಮಟ್ಟಿಗೆ ನೀರಿನಲ್ಲಿ ಕರಗಿದ ನೈಟ್ರೇಟ್, ಅಮೋನಿಯಂ, ಫಾಸ್ಫೇಟ್, ಪೊಟ್ಯಾಸಿಯಂನಂಥ ಸರಳ ಅಯಾನುಗಳನ್ನು. ಆ ನೈಟ್ರೇಟ್ ಕುಂಬಳಕಾಯಿ ಸಿಪ್ಪೆಯಿಂದ ಬಂದದ್ದೋ ಕಾರ್ಖಾನೆಯ ಯೂರಿಯಾದಿಂದ ಬಂದದ್ದೋ ಎಂದು ಗುರುತಿಸುವ ಯಾವ ಉಪಾಯವೂ ಗಿಡಕ್ಕಿಲ್ಲ.

ಇನ್ನೂ ಒಂದು ಮಾತು. ಲಿನಲೂಲ್ ಅಣುವಿನಲ್ಲಿ ಹತ್ತು ಇಂಗಾಲ, ಹದಿನೆಂಟು ಜಲಜನಕ, ಒಂದು ಆಮ್ಲಜನಕ ಪರಮಾಣುಗಳಿವೆ, ಅಷ್ಟೇ. ಇಂಗಾಲವನ್ನು ಎಲೆಗಳು ಗಾಳಿಯಿಂದ ಪಡೆಯುತ್ತವೆ, ಜಲಜನಕ ನೀರಿನಿಂದ ಬರುತ್ತದೆ, ಶಕ್ತಿ ಬಿಸಿಲಿನಿಂದ. ಎಂದರೆ ಪರಿಮಳದ ಈ ಭಾಗಕ್ಕೆ ಕಚ್ಚಾವಸ್ತುವಾಗಿ ಗೊಬ್ಬರದ ಕೊಡುಗೆ ಏನೂ ಇಲ್ಲ. ‘ಹೂವಿನ ವಾಸನೆ ಹೆಚ್ಚಿಸುವ ಗೊಬ್ಬರ’ ಎಂದು ಯಾರಾದರೂ ಪೊಟ್ಟಣ ಮಾರಲು ಬಂದರೆ ನೀವು ಇದನ್ನು ನೆನಪಿಸಿಕೊಳ್ಳಬಹುದು. ಗೊಬ್ಬರ ಮಾಡುವ ಕೆಲಸ ಬೇರೆ: ಎಲೆ, ಬೇರು, ಕಿಣ್ವಗಳನ್ನು ಕಟ್ಟಲು ಬೇಕಾದ ಸಾರಜನಕ ಮುಂತಾದವನ್ನು ಒದಗಿಸುವುದು, ಮಣ್ಣನ್ನು ಸಡಿಲವಾಗಿಯೂ ತೇವವಾಗಿಯೂ ಇಡುವುದು. ಆರೋಗ್ಯವಾಗಿರುವ, ದಿನವಿಡೀ ಬಿಸಿಲು ಕಾಣುವ ಗಿಡ ಪರಿಮಳವನ್ನು ತಾನೇ ನೋಡಿಕೊಳ್ಳುತ್ತದೆ.

ಇಷ್ಟೆಲ್ಲ ಈಗ ಹೇಳುತ್ತಿರುವ ನಾನು, ಕೆಲವು ವರ್ಷಗಳ ಹಿಂದೆ ಒಂದು ಮಲ್ಲಿಗೆ ಗಿಡವನ್ನು ಕೈಯಾರೆ ಕೊಂದೆ. ಊರಿನ ಹಿತ್ತಲಲ್ಲಿ ನಮ್ಮ ತಾಯಿ ನೆಟ್ಟಿದ್ದ ದುಂಡು ಮಲ್ಲಿಗೆಯಿಂದ ಅಕ್ಕ ಕಡ್ಡಿ ಬೇರು ಬರಿಸಿ ಕಳಿಸಿದ್ದಳು. ತಾಯಿ ಅಷ್ಟರಲ್ಲಿ ತೀರಿಕೊಂಡಿದ್ದರು. ಗಿಡ ಕುಂಡದಲ್ಲಿ ಚೆನ್ನಾಗಿಯೇ ಚಿಗುರಿತ್ತು. ಹಸಿಕಸವನ್ನು ಹೊರಗೆ ಕೊಡದೆ ಮನೆಯಲ್ಲೇ ಮುಗಿಸಬೇಕೆಂಬ ಉತ್ಸಾಹದಲ್ಲಿ, ತರಕಾರಿ ಸಿಪ್ಪೆ, ಚಹಾ ಚರಟ, ಮಿಕ್ಕ ಪಲ್ಯ ಎಲ್ಲವನ್ನೂ ದಿನವೂ ಬುಡದಲ್ಲಿ ಮಣ್ಣು ಕೆದಕಿ ಹೂಳುತ್ತ ಬಂದೆ. ಮೂರನೆಯ ವಾರಕ್ಕೆ ಎಲೆಗಳು ಹಳದಿಯಾಗಿ ಉದುರಿದವು. ಫೋನಿನಲ್ಲಿ ಹೇಳಿದಾಗ ಅಕ್ಕ ಕೇಳಿದ್ದು ಒಂದೇ ಮಾತು: “ಗೊಬ್ಬರ ಕಾವಾರಿತ್ತೇನೋ?” ಭೌತವಿಜ್ಞಾನ ಪಾಠ ಹೇಳುವ ನನಗೆ ಆ ಪ್ರಶ್ನೆ ಹಳ್ಳಿಯ ನಂಬಿಕೆಯಂತೆ ಕಂಡಿತು. ಆದರೆ ಅದು ತಾಪಮಾಪಕದಿಂದ ಉತ್ತರಿಸಬಹುದಾದ, ಬಹಳ ಕರಾರುವಾಕ್ಕಾದ ಪ್ರಶ್ನೆ ಎಂದು ತಿಳಿಯಲು ನನಗೆ ಇನ್ನಷ್ಟು ಕಾಲ ಹಿಡಿಯಿತು.

ಗುಡ್ಡೆ ಬಿಸಿಯಾಗುವುದೇಕೆ?

ಮುಂಜಾನೆಯ ಚಳಿಯಲ್ಲಿ ತಿಪ್ಪೆ ಕೆದಕಿದರೆ ಹಬೆ ಏಳುವುದನ್ನು ಹಳ್ಳಿಯಲ್ಲಿ ಬೆಳೆದವರೆಲ್ಲ ನೋಡಿರುತ್ತೀರಿ. ಸೂಕ್ಷ್ಮಜೀವಿಗಳು ಕಸದಲ್ಲಿರುವ ಸಕ್ಕರೆ, ಪಿಷ್ಟ, ಸೆಲ್ಯುಲೋಸ್‌ಗಳನ್ನು ಆಮ್ಲಜನಕದ ನೆರವಿನಿಂದ ಉರಿಸುತ್ತವೆ. ಜ್ವಾಲೆಯಿಲ್ಲ, ಅಷ್ಟೇ ವ್ಯತ್ಯಾಸ. ಒಂದು ಗ್ರಾಂ ಗ್ಲೂಕೋಸ್ ಪೂರ್ಣವಾಗಿ ಉತ್ಕರ್ಷಿತವಾದಾಗ ಸುಮಾರು 15.6 ಕಿಲೋಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಅದರಲ್ಲಿ ಒಂದು ಪಾಲು ಜೀವಿಗಳ ಬೆಳವಣಿಗೆಗೆ ಹೋದರೂ ಬಹುಭಾಗ ಉಷ್ಣವಾಗಿಯೇ ಹೊರಬೀಳುತ್ತದೆ.

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಕಿಲೋ ತೇವ ಕಸದ ತಾಪವನ್ನು ಒಂದು ಡಿಗ್ರಿ ಏರಿಸಲು ಸುಮಾರು 3 ಕಿಲೋಜೂಲ್ ಬೇಕು. 25 ಡಿಗ್ರಿ ಸೆಲ್ಸಿಯಸ್‌ನಿಂದ 60ಕ್ಕೆ ಏರಿಸಲು 105 ಕಿಲೋಜೂಲ್. ಇದು ಬರಿಯ ಏಳು ಗ್ರಾಂ ಸಕ್ಕರೆ ಉರಿದರೆ ಸಿಗುವ ಉಷ್ಣ. ಒಂದು ಕಿಲೋ ಕಸದಲ್ಲಿ ಸುಲಭವಾಗಿ ಜೀರ್ಣವಾಗುವ ಪದಾರ್ಥ ಇದರ ಎಷ್ಟೋ ಪಟ್ಟು ಇರುತ್ತದೆ. ಹಾಗಿದ್ದರೆ ಗುಡ್ಡೆ ಕುದಿಯುವ ತಾಪ ಮುಟ್ಟುವುದಿಲ್ಲವೇಕೆ? ಎರಡು ಕಾರಣಗಳಿವೆ. 65–70 ಡಿಗ್ರಿ ದಾಟಿತೆಂದರೆ ಸೂಕ್ಷ್ಮಜೀವಿಗಳಲ್ಲಿ ಬಹುಪಾಲು ತಾವೇ ಸಾಯುತ್ತವೆ ಅಥವಾ ಸುಮ್ಮನಾಗುತ್ತವೆ. ಒಲೆ ತನ್ನಷ್ಟಕ್ಕೆ ತಾನೇ ತಗ್ಗುತ್ತದೆ. ಇನ್ನೊಂದು ಕಾರಣ, ನೀರು ಆವಿಯಾಗುವುದು. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2.4 ಕಿಲೋಜೂಲ್ ಬೇಕಾದ್ದರಿಂದ, ಉರಿದ ಒಂದೊಂದು ಗ್ರಾಂ ಸಕ್ಕರೆಗೆ ಆರು ಗ್ರಾಂಗೂ ಹೆಚ್ಚು ನೀರು ಹಾರಿಹೋಗಬಹುದು. ಗುಡ್ಡೆ ಒಣಗಿ ಕೆಲಸ ಅರ್ಧಕ್ಕೆ ನಿಲ್ಲುವುದು ಹೀಗೆ. ನೀರು ಚಿಮುಕಿಸಬೇಕೆಂದು ಹೇಳುವುದು ಇದಕ್ಕಾಗಿಯೇ.

ಗಾತ್ರದ ಪ್ರಶ್ನೆಯೂ ಇದೆ. ಉಷ್ಣ ಹುಟ್ಟುವುದು ಗುಡ್ಡೆಯ ಒಡಲಿನಲ್ಲೆಲ್ಲ. ಸೋರಿಹೋಗುವುದು ಮೇಲ್ಮೈಯಿಂದ ಮಾತ್ರ. ಒಂದು ಮೀಟರ್ ಉದ್ದ, ಅಗಲ, ಎತ್ತರದ ಗುಡ್ಡೆಗೆ ಪ್ರತಿ ಘನ ಮೀಟರಿಗೆ 6 ಚದರ ಮೀಟರ್ ಮೇಲ್ಮೈ ಇದೆ. 30 ಸೆಂಟಿಮೀಟರಿನ ಡಬ್ಬಿಗೆ ಇದೇ ಲೆಕ್ಕದಲ್ಲಿ 20 ಚದರ ಮೀಟರ್! ಆದ್ದರಿಂದ ಬಾಲ್ಕನಿಯ ಡಬ್ಬಿಯಲ್ಲಿ ಕಸ ಕೊಳೆತರೂ ಅದು ಅಷ್ಟೇನೂ ಬಿಸಿಯಾಗದು. ಬಿಸಿಯಾಗದಿದ್ದರೆ ಏನು ನಷ್ಟ? 55 ಡಿಗ್ರಿಗಿಂತ ಮೇಲೆ ಮೂರು ದಿನವಾದರೂ ಇದ್ದರೆ ರೋಗಾಣುಗಳೂ ಕಳೆಯ ಬೀಜಗಳೂ ಬಹುತೇಕ ನಾಶವಾಗುತ್ತವೆ. ಡಬ್ಬಿಯಲ್ಲಿ ಈ ಶುದ್ಧೀಕರಣ ನಡೆಯುವುದಿಲ್ಲ. ಡಬ್ಬಿಗೆ ರೋಗ ಬಂದ ಗಿಡದ ಎಲೆಗಳನ್ನು ಹಾಕಬೇಡಿ. ಗೊಬ್ಬರವಾಗಲು ಹೆಚ್ಚು ತಿಂಗಳು ಕೊಡಿ. ಸಾಧ್ಯವಿದ್ದರೆ ನಾಲ್ಕಾರು ಮನೆಯವರು ಸೇರಿ ಒಂದು ದೊಡ್ಡ ಗುಡ್ಡೆ ಮಾಡುವುದು ಭೌತವಿಜ್ಞಾನದ ದೃಷ್ಟಿಯಿಂದ ಹೆಚ್ಚು ಜಾಣತನ. ನೆರೆಹೊರೆಯ ರಾಜಕೀಯದ ದೃಷ್ಟಿಯಿಂದ ಹೇಗೋ ನಾನು ಹೇಳಲಾರೆ.

ಗಾಳಿಯ ವಿಷಯ. ಆಮ್ಲಜನಕ ಗಾಳಿಯಲ್ಲಿ ವಿಸರಣೆಗೊಳ್ಳುವುದಕ್ಕಿಂತ ನೀರಿನಲ್ಲಿ ವಿಸರಣೆಗೊಳ್ಳುವುದು ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಮೇಲಾಗಿ ಒಂದು ಲೀಟರ್ ಗಾಳಿಯಲ್ಲಿ 280 ಮಿಲಿಗ್ರಾಂನಷ್ಟು ಆಮ್ಲಜನಕವಿದ್ದರೆ ಒಂದು ಲೀಟರ್ ನೀರಿನಲ್ಲಿ ಕರಗಿರುವುದು ಎಂಟು ಮಿಲಿಗ್ರಾಂ ಆಸುಪಾಸು. ಕಸದ ಕಣಗಳ ನಡುವಿನ ಸಂದುಗಳಲ್ಲಿ ನೀರು ತುಂಬಿಕೊಂಡಿತೆಂದರೆ ಒಳಗಿನ ಜೀವಿಗಳಿಗೆ ಉಸಿರು ಕಟ್ಟುತ್ತದೆ. ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಗಳು ಆಗ ಮೇಲುಗೈ ಪಡೆದು ಹುಳಿ ಆಮ್ಲಗಳನ್ನು, ಗಂಧಕದ ಸಂಯುಕ್ತಗಳನ್ನು, ನಮ್ಮ ಇಂಡೋಲನ್ನೂ ಹೊರಬಿಡುತ್ತವೆ. ದೇವಸ್ಥಾನದ ನಿರ್ಮಾಲ್ಯವನ್ನು ಗೊಬ್ಬರ ಮಾಡಹೊರಟವರಿಗೆ ಎದುರಾಗುವ ಮೊದಲ ತೊಡಕು ಇದೇ. ಸೇವಂತಿಗೆ, ಚೆಂಡುಹೂವು ಎರಡೇ ದಿನದಲ್ಲಿ ಕುಸಿದು ಮುದ್ದೆಯಾಗಿ ಗಾಳಿಗೆ ದಾರಿ ಬಿಡುವುದಿಲ್ಲ. ತರಗೆಲೆ, ತೆಂಗಿನ ನಾರಿನ ಪುಡಿ, ಸಣ್ಣ ಕಡ್ಡಿಗಳನ್ನು ನಡುನಡುವೆ ಸೇರಿಸಿದರೆ ಮುದ್ದೆ ಸಡಿಲವಾಗುತ್ತದೆ. ಹಾರದ ದಾರ ಬಾಳೆನಾರಾದರೆ ಚಿಂತೆಯಿಲ್ಲ. ಪ್ಲಾಸ್ಟಿಕ್ ದಾರ, ಜರಿಗಳನ್ನು ಮೊದಲೇ ಆಯ್ದು ತೆಗೆಯಬೇಕು. ನೂರು ಹಾರಕ್ಕೆ ಕೂತು ದಾರ ಬಿಚ್ಚುವುದು ಎಂಥ ಕೆಲಸ ಎಂದು ಒಮ್ಮೆ ಮಾಡಿದವರಿಗಷ್ಟೇ ಗೊತ್ತು.

ಮೂವತ್ತಕ್ಕೆ ಒಂದು

ಕಾಂಪೋಸ್ಟ್ ಕುರಿತ ಯಾವ ಪುಸ್ತಕ ತೆರೆದರೂ ‘ಇಂಗಾಲ–ಸಾರಜನಕಗಳ ಅನುಪಾತ 30:1 ಇರಲಿ’ ಎಂಬ ವಾಕ್ಯ ಕಾಣುತ್ತದೆ. ಈ ಮೂವತ್ತು ಎಲ್ಲಿಂದ ಬಂತು? ಸೂಕ್ಷ್ಮಜೀವಿಗಳ ಒಡಲಿನಲ್ಲಿ ಸುಮಾರು ಹತ್ತು ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕವಿರುತ್ತದೆ. ಅವು ತಿಂದ ಇಂಗಾಲದಲ್ಲಿ ಸ್ಥೂಲವಾಗಿ ಮೂರರಲ್ಲಿ ಎರಡು ಪಾಲನ್ನು ಇಂಗಾಲದ ಡೈಆಕ್ಸೈಡ್ ಆಗಿ ಉಸಿರುಬಿಟ್ಟು, ಒಂದು ಪಾಲನ್ನು ಮೈಗೆ ಸೇರಿಸಿಕೊಳ್ಳುತ್ತವೆ. ಮೂವತ್ತು ಗ್ರಾಂ ಇಂಗಾಲ ತಿಂದರೆ ಹತ್ತು ಗ್ರಾಂ ಮೈಗೆ. ಅದಕ್ಕೆ ಜೊತೆಯಾಗಿ ಒಂದು ಗ್ರಾಂ ಸಾರಜನಕ ಬೇಕು.

ಅನುಪಾತ ತಪ್ಪಿದರೆ ಏನಾಗುತ್ತದೆ ಎಂಬುದೇ ಹೂವಿನ ಗಿಡ ಬೆಳೆಸುವವರಿಗೆ ಮುಖ್ಯ. ಒಣ ಎಲೆ, ಮರದ ಹೊಟ್ಟಿನಂಥ ಇಂಗಾಲ ಹೆಚ್ಚಿರುವ ಕಸವನ್ನು ಹಾಗೆಯೇ ಮಣ್ಣಿಗೆ ಬೆರೆಸಿದರೆ, ಜೀವಿಗಳು ತಮಗೆ ಸಾಲದ ಸಾರಜನಕವನ್ನು ಮಣ್ಣಿನ ನೈಟ್ರೇಟಿನಿಂದ ಕಸಿದುಕೊಳ್ಳುತ್ತವೆ. ಗೊಬ್ಬರ ಹಾಕಿದ ಮೇಲೆ ಗಿಡ ಹಳದಿಯಾಗುವ ವಿಚಿತ್ರ ಹೀಗೆ ನಡೆಯುತ್ತದೆ. ಅದಕ್ಕೆ ವಿರುದ್ಧವಾಗಿ ತರಕಾರಿ ಸಿಪ್ಪೆ, ಬೇಳೆಯಂಥ ಸಾರಜನಕ ಹೆಚ್ಚಿರುವ ಕಸವನ್ನೇ ಹಾಕಿದರೆ ಮಿಕ್ಕ ಸಾರಜನಕ ಅಮೋನಿಯವಾಗಿ ಹೊರಬಂದು ಎಳೆಯ ಬೇರುಗಳನ್ನು ಸುಡುತ್ತದೆ.

ಮನೆಯ ಮಟ್ಟಕ್ಕೆ ಈ ಲೆಕ್ಕವನ್ನು ಇಳಿಸೋಣ. ಒಂದು ಕಿಲೋ ತರಕಾರಿ ಕಸದಲ್ಲಿ 800 ಗ್ರಾಂ ನೀರು, 85 ಗ್ರಾಂ ಇಂಗಾಲ, ಆರು ಗ್ರಾಂಗೆ ತುಸು ಕಡಿಮೆ ಸಾರಜನಕ ಇದೆಯೆನ್ನಿ, ಅನುಪಾತ 15. ಅರ್ಧ ಕಿಲೋ ತರಗೆಲೆಯಲ್ಲಿ 200 ಗ್ರಾಂ ಇಂಗಾಲ, ಮೂರೂವರೆ ಗ್ರಾಂನಷ್ಟು ಸಾರಜನಕ, ಅನುಪಾತ 55. ಎರಡನ್ನೂ ಕೂಡಿಸಿದರೆ 285ಕ್ಕೆ ಒಂಬತ್ತು ಚಿಲ್ಲರೆ, ಸರಿಸುಮಾರು ಮೂವತ್ತಕ್ಕೆ ಒಂದು! ಮಿಶ್ರಣದ ತೇವಾಂಶ ನೂರಕ್ಕೆ 57, ಅದೂ ಬೇಕಾದಷ್ಟೇ. ಆದ್ದರಿಂದ ಒಂದು ಕಿಲೋ ಹಸಿಕಸಕ್ಕೆ ಅರ್ಧ ಕಿಲೋ ತರಗೆಲೆ ಎಂದು ನೆನಪಿಟ್ಟುಕೊಂಡರೆ ಸಾಕು. ಅರ್ಧ ಕಿಲೋ ತರಗೆಲೆ ಎಂದರೆ ಒಂದು ಚೀಲದ ತುಂಬ ಬರುತ್ತದೆ. ಬೀದಿಯಲ್ಲಿ ಗುಡಿಸಿ ಬೆಂಕಿ ಹಚ್ಚುವ ಎಲೆಗಳು ಹೀಗೆ ಹಸಿಕಸದಷ್ಟೇ ಬೆಲೆಯುಳ್ಳವು.

ನಮ್ಮ ದೇಶದಲ್ಲಿ ಈ ವಿಷಯದ ಶಾಸ್ತ್ರೀಯ ಕೆಲಸ ಹಳೆಯದು. ಆಲ್ಬರ್ಟ್ ಹೋವರ್ಡ್ ಮತ್ತು ಯಶವಂತ ವಾಡ್ ಇಂದೋರಿನಲ್ಲಿ ರೂಪಿಸಿದ ಕ್ರಮವನ್ನು 1931ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅದರಲ್ಲಿ ಗುಡ್ಡೆಯನ್ನು ಆಗಾಗ ಮಗುಚಿ ಗಾಳಿ ಆಡಿಸುತ್ತಾರೆ. ಗೊಬ್ಬರ ಮೂರು–ನಾಲ್ಕು ತಿಂಗಳಲ್ಲಿ ಸಿದ್ಧ. 1939ರಲ್ಲಿ ಬೆಂಗಳೂರಿನಲ್ಲಿ ಸಿ. ಎನ್. ಆಚಾರ್ಯ ಅವರು ರೂಪಿಸಿದ ಕ್ರಮ ‘ಬೆಂಗಳೂರು ವಿಧಾನ’ ಎಂದೇ ಹೆಸರಾಯಿತು. ಇಲ್ಲಿ ಗುಂಡಿಯಲ್ಲಿ ಕಸವನ್ನು ಪದರಪದರವಾಗಿ ಹಾಕಿ ಮೇಲೆ ಮಣ್ಣು ಮೆತ್ತಿಬಿಡುತ್ತಾರೆ. ಮೊದಲ ಒಂದೆರಡು ವಾರ ಒಳಗಿನ ಗಾಳಿಯಿಂದ ಗುಂಡಿ ಬಿಸಿಯೇರುತ್ತದೆ. ಆಮೇಲೆ ನಿಧಾನವಾಗಿ ಕೊಳೆಯುತ್ತ ಆರರಿಂದ ಎಂಟು ತಿಂಗಳು ತೆಗೆದುಕೊಳ್ಳುತ್ತದೆ. ಮಗುಚುವ ಕೂಲಿ ಉಳಿಯುತ್ತದೆ, ಸಾರಜನಕವೂ ಕಡಿಮೆ ಹಾರಿಹೋಗುತ್ತದೆ. ಅವಸರವಿದ್ದವರಿಗೆ ಇಂದೋರು, ಜಾಗವಿದ್ದು ಸಹನೆಯಿದ್ದವರಿಗೆ ಬೆಂಗಳೂರು ಎನ್ನಬಹುದು.

ಫ್ಲಾಸ್ಕಿನ ಪರೀಕ್ಷೆ

ಮತ್ತೆ ಅಕ್ಕನ ಪ್ರಶ್ನೆಗೆ ಬರೋಣ. ನನ್ನ ಗಿಡ ಸತ್ತದ್ದು ಕಾವಿನಿಂದಲೇ? ಆಮೇಲೆ ಗಿಡವಿಲ್ಲದ ಇನ್ನೊಂದು ಕುಂಡದಲ್ಲಿ ಅದೇ ರೀತಿ ಕಸ ಹೂತು ತಾಪ ಅಳೆದೆ. ಸುತ್ತಲಿನ ಮಣ್ಣಿಗಿಂತ ನಾಲ್ಕೈದು ಡಿಗ್ರಿ ಹೆಚ್ಚಿತ್ತು, ಅಷ್ಟೇ. ಮಲ್ಲಿಗೆಯ ಬೇರು ಅದಕ್ಕೆ ಸಾಯುವುದಿಲ್ಲ. ಕೊಂದದ್ದು ಕಾವಿನ ಜೊತೆಗಾರರು: ಕೊಳೆಯುವ ಕಸ ಬೇರಿನ ಪಾಲಿನ ಆಮ್ಲಜನಕವನ್ನು ಹೀರಿತು, ಅಮೋನಿಯವನ್ನೂ ಆಮ್ಲಗಳನ್ನೂ ಬಿಟ್ಟಿತು. ಕಾವು ಕೊಲೆಗಾರನಲ್ಲ, ಒಳಗೆ ಕೆಲಸ ಇನ್ನೂ ನಡೆದಿದೆ ಎಂಬ ಸುಳಿವು. ಅಕ್ಕ ಕೇಳಿದ್ದು ಆ ಸುಳಿವಿನ ಬಗ್ಗೆ.

ದೊಡ್ಡ ಗುಡ್ಡೆಯಾದರೆ ಈ ಸುಳಿವು ಕೈಗೇ ಸಿಗುತ್ತದೆ. ಡಬ್ಬಿಯಲ್ಲಿ ಮೇಲ್ಮೈ ಹೆಚ್ಚಿರುವುದರಿಂದ ಹುಟ್ಟಿದ ಉಷ್ಣವೆಲ್ಲ ಸೋರಿಹೋಗಿ, ಅರೆಬೆಂದ ಗೊಬ್ಬರವೂ ತಣ್ಣಗೇ ಇರುತ್ತದೆ, ನೀವು ಮೋಸಹೋಗುತ್ತೀರಿ. ಇದಕ್ಕೆ ಉಪಾಯ, ಸೋರುವುದನ್ನೇ ತಡೆಯುವುದು. 1892ರಲ್ಲಿ ಜೇಮ್ಸ್ ಡೀವಾರ್ ರೂಪಿಸಿದ ನಿರ್ವಾತ ಪಾತ್ರೆ, ಎಂದರೆ ನಮ್ಮ ಥರ್ಮಾಸ್ ಫ್ಲಾಸ್ಕ್, ಈ ಕೆಲಸಕ್ಕೆ ಹೇಳಿಮಾಡಿಸಿದಂತಿದೆ. ಇದು ನನ್ನ ಆವಿಷ್ಕಾರವಲ್ಲ. ಕಾಂಪೋಸ್ಟ್ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ ಪರೀಕ್ಷೆ.

ಅಗಲ ಬಾಯಿಯ, ಒಂದು–ಒಂದೂವರೆ ಲೀಟರಿನ ಹಳೆಯ ಫ್ಲಾಸ್ಕ್ ತೆಗೆದುಕೊಳ್ಳಿ. ಗೊಬ್ಬರವನ್ನು ಹಿಡಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಅಷ್ಟು ತೇವ ಮಾಡಿ ಸಡಿಲವಾಗಿ ತುಂಬಿ. ತಾಪಮಾಪಕವನ್ನು ತಳದ ಸಮೀಪದವರೆಗೆ ಇಳಿಸಿ. ಜ್ವರ ನೋಡುವ ಕಡ್ಡಿ ಬೇಡ, ಅದು 42 ಡಿಗ್ರಿಗೆ ಮುಗಿಯುತ್ತದೆ. ಬಾಯಿ ತೆರೆದಿರಲಿ. ನೆರಳಿನಲ್ಲಿಟ್ಟು ದಿನಕ್ಕೆ ಎರಡು ಬಾರಿ ಒಳಗಿನ ತಾಪವನ್ನೂ ಕೋಣೆಯ ತಾಪವನ್ನೂ ಬರೆದುಕೊಳ್ಳಿ. ಐದಾರು ದಿನಗಳಲ್ಲಿ ವ್ಯತ್ಯಾಸ ಹೆಚ್ಚೆಂದರೆ ಹತ್ತು ಡಿಗ್ರಿಯೊಳಗೆ ಉಳಿದರೆ ಗೊಬ್ಬರ ಮಾಗಿದೆ. ಇಪ್ಪತ್ತು ದಾಟಿದರೆ ಇನ್ನೂ ಹಸಿ, ಡಬ್ಬಿಗೆ ಹಿಂದಿರುಗಿಸಿ. ಗೊಬ್ಬರ ಒಣಗಿದ್ದರೆ ಜೀವಿಗಳು ಮಲಗಿರುತ್ತವೆ, ಆಗಲೂ ತಾಪ ಏರುವುದಿಲ್ಲ. ತೇವದ ಬಗ್ಗೆ ಒತ್ತಿ ಹೇಳಿದ್ದು ಅದಕ್ಕೇ. ನನ್ನ ಮೊದಲ ಪರೀಕ್ಷೆಯಲ್ಲಿ, ನೋಡಲು ಕಪ್ಪಗೆ, ಪುಡಿಪುಡಿಯಾಗಿದ್ದ ಎರಡು ತಿಂಗಳ ಗೊಬ್ಬರ ಮೂರನೆಯ ದಿನ ಕೋಣೆಗಿಂತ 24 ಡಿಗ್ರಿ ಮೇಲೇರಿತು. ಕಣ್ಣನ್ನು ನಂಬಿದ್ದರೆ ಇನ್ನೊಂದು ಗಿಡ ಹೋಗುತ್ತಿತ್ತು. ನಮ್ಮ ಮನೆಯಲ್ಲಿ ಆ ಫ್ಲಾಸ್ಕ್ ಮತ್ತೆ ಕಾಫಿಗೆ ಸಲ್ಲಲಿಲ್ಲವೆಂಬುದನ್ನೂ ಹೇಳಿಬಿಡಬೇಕು.

ಫ್ಲಾಸ್ಕ್ ಬೇಡವೆನ್ನುವವರು ಗೊಬ್ಬರ ಕದಡಿ ಸೋಸಿದ ನೀರಿನಲ್ಲಿ ಇಪ್ಪತ್ತು ಹೆಸರುಕಾಳು, ಬರಿಯ ನೀರಿನಲ್ಲಿ ಇಪ್ಪತ್ತು ಕಾಳು ಮೊಳಕೆಗಿಟ್ಟು ಹೋಲಿಸಬಹುದು. ಮೊದಲನೆಯದರಲ್ಲಿ ಮೊಳಕೆಯ ಬೇರು ಗಿಡ್ಡವಾಗಿ ಕಂದಿದ್ದರೆ ಕಾಯಬೇಕು.

ಇನ್ನು ಉಪ್ಪು. ಹುಳಿ, ಸಾರು, ಉಪ್ಪಿನಕಾಯಿಯಲ್ಲಿರುವ ಉಪ್ಪನ್ನು ಯಾವ ಸೂಕ್ಷ್ಮಜೀವಿಯೂ ತಿಂದು ಮುಗಿಸುವುದಿಲ್ಲ. ಕಸ ಕುಗ್ಗಿದಂತೆ ಅದು ಸಾಂದ್ರವಾಗುತ್ತ ಹೋಗುತ್ತದೆ. ಲೀಟರಿಗೆ ಆರು ಗ್ರಾಂ ಉಪ್ಪು ಕರಗಿದ ನೀರಿನ ಪರಾಸರಣ ಒತ್ತಡ ಸುಮಾರು ಐದು ವಾಯುಮಂಡಲ. ಬೇರು ನೀರನ್ನು ಒಳಗೆಳೆಯಲು ಆ ಒತ್ತಡವನ್ನೂ ಮೀರಬೇಕು. ತೇವವಿದ್ದ ಮಣ್ಣಿನಲ್ಲೇ ಗಿಡ ಬಾಡುತ್ತದೆ. ನಗರದ ಕಸದ ಕಾಂಪೋಸ್ಟಿಗೆ ರಸಗೊಬ್ಬರ ನಿಯಂತ್ರಣ ಆದೇಶ ಗೊತ್ತುಪಡಿಸಿದ ಮಾನಕಗಳಲ್ಲಿ ವಿದ್ಯುದ್ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ಮೀರಬಾರದೆಂದು ಹೇಳಿರುವುದು ಉಪ್ಪಿನ ಅಳತೆಗಾಗಿಯೇ. ಇಂಗಾಲ–ಸಾರಜನಕ ಅನುಪಾತ 20ಕ್ಕಿಂತ ಕಡಿಮೆ ಇರಬೇಕೆಂಬುದೂ ಅದರಲ್ಲಿದೆ. ಗೊಬ್ಬರ ಕೊಳ್ಳುವಾಗ ಚೀಲದ ಮೇಲೆ ಇವೆರಡನ್ನು ಹುಡುಕಿ. ಮನೆಯಲ್ಲಿ ಮಾಡುವವರು ಮಿಕ್ಕ ಸಾರನ್ನು ಡಬ್ಬಿಗೆ ಸುರಿಯದಿದ್ದರೆ ಸಾಕು.

ಎಷ್ಟು ಹಾಕಬೇಕು? ಒಳ್ಳೆಯ ಕಾಂಪೋಸ್ಟಿನಲ್ಲಿ ಸಾರಜನಕ ನೂರಕ್ಕೆ ಒಂದರಷ್ಟು. ಒಂದು ಕಿಲೋದಲ್ಲಿರುವುದು ಇಪ್ಪತ್ತೆರಡು ಗ್ರಾಂ ಯೂರಿಯಾದಲ್ಲಿರುವಷ್ಟೇ, ಅದರಲ್ಲೂ ಮೊದಲ ವರ್ಷ ಗಿಡಕ್ಕೆ ದಕ್ಕುವುದು ಸಣ್ಣ ಪಾಲು. ಹೂವನ್ನೇ ಜೀವನಕ್ಕೆ ನಂಬಿದವರಿಗೆ ಇದೊಂದೇ ಸಾಲದು ಎಂದು ಮುಚ್ಚುಮರೆಯಿಲ್ಲದೆ ಹೇಳಬೇಕು. ಉಡುಪಿ ಜಿಲ್ಲೆಯ ಶಂಕರಪುರದ ಸುತ್ತ ಮಲ್ಲಿಗೆ ಬೆಳೆಯುವವರಲ್ಲಿ ನೆಲಗಡಲೆ ಹಿಂಡಿಯನ್ನೂ ಸಗಣಿಯನ್ನೂ ನೀರಿನಲ್ಲಿ ಕೆಲವು ದಿನ ಕೊಳೆಸಿ, ತೆಳ್ಳಗೆ ಮಾಡಿ ಬುಡಕ್ಕೆ ಹೊಯ್ಯುವ ರೂಢಿಯಿದೆ. ಹಿಂಡಿಯೂ ಎಣ್ಣೆ ಗಾಣದ ಉಳಿಕೆಯೇ. ಆದರೆ ಅದರಲ್ಲಿ ಸಾರಜನಕ ನೂರಕ್ಕೆ ಏಳರಷ್ಟಿದೆ. ಗಿಡಕ್ಕೆ ಹಾಕುವ ಮೊದಲು ಅದನ್ನೂ ಕೊಳೆಸುತ್ತಾರೆ ಎಂಬುದನ್ನು ಗಮನಿಸಿ. ಅತಿಯಾದರೆ ಅದೂ ಕಷ್ಟ: ಸಾರಜನಕ ಹೆಚ್ಚಾದ ಮಲ್ಲಿಗೆ ಎಲೆ ಸೊಂಪಾಗಿ ಬಿಟ್ಟು ಮೊಗ್ಗು ಮರೆಯುತ್ತದೆ. ಸುಗಂಧರಾಜ ಬೆಳೆಯುವವರು ಇನ್ನೂ ಎಚ್ಚರವಾಗಿರಬೇಕು; ಹಸಿ ಗೊಬ್ಬರ ತಾಗಿದರೆ ಅದರ ಗೆಡ್ಡೆಯೇ ಕೊಳೆಯಬಹುದು.

ಊರಿನಿಂದ ಅಕ್ಕ ಇನ್ನೊಂದು ಕಡ್ಡಿ ಕಳಿಸಿದಳು. ಈ ಬಾರಿ ಎಂಟು ತಿಂಗಳ ಗೊಬ್ಬರ ಫ್ಲಾಸ್ಕಿನಲ್ಲಿ ಆರು ಡಿಗ್ರಿ ಮಾತ್ರ ಏರಿದ ಮೇಲೆ, ಮೂರು ಪಾಲು ಮಣ್ಣಿಗೆ ಒಂದು ಪಾಲು ಬೆರೆಸಿ ನೆಟ್ಟೆ. ಚಳಿಗಾಲದಲ್ಲಿ ಸವರಿದ ಮೇಲೆ ಎರಡು ಹಿಡಿ, ಮಳೆಗಾಲದ ಮೊದಲು ಎರಡು ಹಿಡಿ, ಕಾಂಡಕ್ಕೆ ತಾಗದಂತೆ ಕುಂಡದ ಅಂಚಿಗೆ ಹಾಕಿ ತೆಳುವಾಗಿ ಮಣ್ಣು ಮುಚ್ಚುತ್ತೇನೆ. ಮೊಗ್ಗುಗಳು ಬಿರಿಯುವುದು ಸಂಜೆಯ ಮೇಲೆ. ಆವಿಶೀಲ ವಸ್ತುಗಳು ಹೆಚ್ಚಾಗಿ ಹೊರಬರುವುದೂ ಆಗಲೇ. ಗೊಬ್ಬರದ ಡಬ್ಬಿ ಅದೇ ಬಾಲ್ಕನಿಯಲ್ಲಿ, ಕುಂಡದಿಂದ ಎರಡು ಅಡಿ ದೂರದಲ್ಲಿದೆ.